ಮೂರರಿಂದ ಐದನೇ ತರಗತಿ ಮಕ್ಕಳಿಗೆ ತಂಡದ ವಿಜ್ಞಾನ ಸ್ಪರ್ಧೆ: ಥರ್ಮೋಕೋಲ್ ಮಾಡೆಲ್ ಬಿಟ್ಟು ಬೇರೇನು ಮಾಡಿಸಬಹುದು?

ಕೆರೆಬದಿ ಟೀಚರ್ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಸ್ಟರಿನ ಕೆಲವು ಸಣ್ಣ ಶಾಲೆಗಳ ಶಿಕ್ಷಕರು ಸೇರಿ ಈ ವರ್ಷ ಮೂರು, ನಾಲ್ಕು, ಐದನೇ ತರಗತಿ ಮಕ್ಕಳಿಗೆ ಒಂದು ವಿಜ್ಞಾನ ಸ್ಪರ್ಧೆ ಮಾಡಬೇಕು ಅಂತಿದ್ದೇವೆ. ಒಬ್ಬೊಬ್ಬರಿಗಲ್ಲ, ತಂಡಕ್ಕೆ.

ಈ ವಯಸ್ಸಿನವರಿಗೆ ಸರಿಯಾದದ್ದು ಏನೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ವಿಜ್ಞಾನ ಪ್ರಶಸ್ತಿ ಇರುವುದು ಆರನೇ ತರಗತಿಯಿಂದ ಮೇಲೆ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹತ್ತು ವರ್ಷ ಆಗಿರಬೇಕು. ಪ್ರತಿಭಾ ಕಾರಂಜಿಯಲ್ಲಿ ಚಿಕ್ಕವರಿಗೆ ಕಂಠಪಾಠ, ಛದ್ಮವೇಷ, ಕ್ಲೇ ಮಾಡೆಲಿಂಗ್ ಇದೆ, ಮಕ್ಕಳು ಖುಷಿಯಿಂದಲೇ ಮಾಡುತ್ತಾರೆ. ವಿಜ್ಞಾನ ಅಂತ ಬಂದರೆ ಉಳಿಯುವುದು ವಸ್ತು ಪ್ರದರ್ಶನ. ಅದು ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತು. ಹಿಂದಿನ ರಾತ್ರಿ ಅಪ್ಪ ಥರ್ಮೋಕೋಲ್ ಕತ್ತರಿಸುತ್ತಾರೆ, ಅಮ್ಮ ಬಣ್ಣ ಹಚ್ಚುತ್ತಾರೆ, ಮಗು ಬೆಳಿಗ್ಗೆ ನಾಲ್ಕು ಸಾಲು ಒಪ್ಪಿಸುತ್ತದೆ. ಒಂದು ಜ್ವಾಲಾಮುಖಿ ಮಾಡೆಲ್ ಎದುರು ನಿಂತು "ಸೋಡಾ ಬದಲು ಉಪ್ಪು ಹಾಕಿದ್ರೆ ಏನಾಗುತ್ತೆ ಪುಟ್ಟಾ?" ಅಂತ ಕೇಳಿದೆ. ಮಗು ತಿರುಗಿ ಅಮ್ಮನ ಮುಖ ನೋಡಿತು. ಉಪ್ಪು ಹಾಕಿ ನೋಡೋಣ ಅಂತ ಅದಕ್ಕೆ ಅನಿಸಬೇಕಿತ್ತು. ಅನಿಸುವ ಹಾಗೆ ನಾವು ಕಲಿಸಿಲ್ಲ.

ದೊಡ್ಡವರ ಕೈ ತಾಗಬಾರದು. ಖರ್ಚು ಜಾಸ್ತಿ ಇರಬಾರದು. ಅಲ್ಲೇ ಸಾಮಾನು ಕೊಟ್ಟು ಅಲ್ಲೇ ಮಾಡಿಸಬೇಕು. ಏನೇನು ಇಡಬಹುದು ಹೇಳಿ.

ಹೊಸನಗರದ ಅಪ್ಪ

ಬಹಳ ಒಳ್ಳೆಯ ಯೋಚನೆ ಟೀಚರ್. ಆದರೆ ಅಪ್ಪ ಅಮ್ಮಂದಿರನ್ನು ಸುಮ್ನೆ ಬೈಯಬೇಡಿ. ಶಾಲೆಯಿಂದ "ನಾಳೆ ಮಾಡೆಲ್ ತನ್ನಿ" ಅಂತ ಸಂಜೆ ಮೆಸೇಜ್ ಬಂದರೆ ಎಂಟು ವರ್ಷದ ಮಗು ತಾನೇ ಮಾಡಲಿಕ್ಕೆ ಆಗುತ್ತದಾ?

ಕ್ವಿಜ್ ಪ್ರಿಯ

ಕ್ವಿಜ್ ಇಡಿ. ಸುಲಭ, ಖರ್ಚಿಲ್ಲ, ಅರ್ಧ ದಿನದಲ್ಲಿ ಮುಗಿಯುತ್ತೆ. ತಂಡಕ್ಕೆ ಮೂರು ಜನ.

ಸಾಗರದವಳು

ಕ್ವಿಜ್‌ನಲ್ಲಿ ಮೂರು ಜನ ಕೂತಿರುತ್ತಾರೆ, ಒಬ್ಬ ಉತ್ತರ ಹೇಳುತ್ತಾನೆ. ಉಳಿದ ಇಬ್ಬರು ಅವನ ಬಾಯಿ ನೋಡುತ್ತಾರೆ. ಅದು ತಂಡ ಅಲ್ಲ.

ನನ್ನ ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅಲ್ಲಿ ಸೈನ್ಸ್ ಒಲಿಂಪಿಯಾಡ್ ಅಂತ ಇದೆ, ಪೂರ್ತಿ ತಂಡದ ಸ್ಪರ್ಧೆ. ದೊಡ್ಡ ತರಗತಿಗಳಲ್ಲಿ ಒಂದು ತಂಡಕ್ಕೆ 15 ಮಕ್ಕಳವರೆಗೆ ಇರುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಆಟಗಳು, ಒಂದೊಂದಕ್ಕೂ ಇಬ್ಬರೋ ಮೂವರೋ ಹೋಗುತ್ತಾರೆ. ಎಲ್ಲರ ಅಂಕ ಸೇರಿ ತಂಡದ ಅಂಕ. ಕಲ್ಲು ಗುರುತಿಸುವವಳು ಒಬ್ಬಳು, ಸೇತುವೆ ಕಟ್ಟುವವನು ಇನ್ನೊಬ್ಬ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬೇರೆ ವಿಭಾಗ ಇದೆ. ಅದನ್ನು ಆಯಾ ಊರಿನವರೇ ತಮಗೆ ಬೇಕಾದ ಹಾಗೆ ನಡೆಸುತ್ತಾರೆ.

ಹೊಸನಗರದ ಅಪ್ಪ

ಒಲಿಂಪಿಯಾಡ್ ಅಂದ್ರೆ ಫೀಸು ಕಟ್ಟಿ ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವುದಲ್ವಾ? ಮಗಳ ಶಾಲೆಯಲ್ಲಿ ಪ್ರತಿ ವರ್ಷ ಚೀಟಿ ಕಳಿಸುತ್ತಾರೆ.

ಸಾಗರದವಳು

ಅಲ್ಲಣ್ಣಾ. ಹೆಸರು ಒಂದೇ, ಕೆಲಸ ಬೇರೆ. ನಮ್ಮಲ್ಲಿ ಖಾಸಗಿಯವರು ನಡೆಸುವುದು ಒಬ್ಬೊಬ್ಬರೇ ಕೂತು ಬರೆಯುವ ಪರೀಕ್ಷೆ. ನಾನು ಹೇಳುತ್ತಿರುವುದರಲ್ಲಿ ಕೈಯಲ್ಲಿ ಮಾಡುವುದೇ ಜಾಸ್ತಿ.

ಅದರಲ್ಲಿ ಒಂದು ಆಟ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಬೆಂಕಿಪೊಟ್ಟಣ, ಕಡ್ಡಿ, ಗುಂಡಿ, ದಾರ ಹಾಕಿ ಒಂದು ವಿಚಿತ್ರ ಆಕಾರ ಮಾಡಿ ಇಡುತ್ತಾರೆ. ತಂಡದ ಒಬ್ಬಳು ಅದನ್ನು ನೋಡಿ ಬರೆಯಬೇಕು. ಚಿತ್ರ ಬಿಡಿಸುವ ಹಾಗಿಲ್ಲ. ಆ ಚೀಟಿ ಪಕ್ಕದ ಕೋಣೆಯಲ್ಲಿರುವ ಇನ್ನೊಬ್ಬನಿಗೆ ಹೋಗುತ್ತೆ. ಅವನು ಅದನ್ನು ಓದಿ ಅದೇ ಆಕಾರ ಕಟ್ಟಬೇಕು.

ಇದನ್ನು ನಮ್ಮ ಬೀದಿಯ ಮಕ್ಕಳ ಹತ್ತಿರ ಮಾಡಿಸಿದ್ದೇನೆ. ಹುಡುಗಿ ಬರೆದಿದ್ದು: "ಕೆಂಪು ಗುಂಡಿ ಪೊಟ್ಟಣದ ಪಕ್ಕ ಇಡು." ಹುಡುಗ ಎಡಕ್ಕೆ ಇಟ್ಟ. ಇರಬೇಕಾದದ್ದು ಬಲಕ್ಕೆ. ಇಬ್ಬರೂ ಜಗಳ ಆಡಿದರು. "ಬಲಗಡೆ ಅಂತ ಬರೀ" ಅಂತ ಇವನು. "ನಾನು ನಿಂತಿದ್ದು ಆ ಕಡೆ, ನನ್ನ ಬಲ ನಿನ್ನ ಎಡ" ಅಂತ ಅವಳು. ಮುಂದಿನ ಸಲ ಅವಳು "ಬೆಂಕಿಕಡ್ಡಿ ಗೀರುವ ಪಟ್ಟಿ ನಿನ್ನ ಹೊಟ್ಟೆ ಕಡೆ ಇರಲಿ. ಈಗ ಅನ್ನ ತಿನ್ನುವ ಕೈ ಕಡೆ ಗುಂಡಿ ಇಡು" ಅಂತ ಬರೆದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿದ್ದನ್ನು ತಪ್ಪಿಲ್ಲದೆ ಬರೆಯುವುದು ಹೇಗೆ ಅಂತ ಜಗಳ ಆಡಿ ಆಡಿ ಕಂಡುಕೊಂಡರು.

ನಿವೃತ್ತ ಮೇಷ್ಟ್ರು

ಅನ್ನ ತಿನ್ನುವ ಕೈ! ಭೇಷ್.

ಎಡಗೈಯಲ್ಲಿ ಉಣ್ಣುವ ಮಗು ಬಂದರೆ ಏನು ಮಾಡಬೇಕು ಅಂತ ಆ ಹುಡುಗಿಯನ್ನೇ ಕೇಳಿ. ಅದಕ್ಕೂ ಉತ್ತರ ಹುಡುಕುತ್ತಾಳೆ.

ತೋಟದಮನೆ

ನನ್ನದೊಂದು ಸಲಹೆ. ಸಂಕ ಕಟ್ಟಿಸಿ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ನಮ್ಮ ಕಡೆ ಮಕ್ಕಳಿಗೆ ಸೇತುವೆ ಅಂದರೆ ಪುಸ್ತಕದ ಚಿತ್ರ, ಸಂಕ ಅಂದರೆ ದಿನಾ ದಾಟುವ ದಾರಿ. ಎರಡು ಬೆಂಚು, ನಡುವೆ ಒಂದು ಅಡಿ ಜಾಗ. ತಂಡಕ್ಕೆ ಎರಡು ಹಾಳೆ ಹಳೇ ಪೇಪರ್, ಒಂದು ಮೊಳ ಬಾಳೆನಾರು. ಅಂಟು ಇಲ್ಲ, ಟೇಪ್ ಇಲ್ಲ. ಕಟ್ಟಿದ ಮೇಲೆ ಒಂದೊಂದೇ ಗೋಟಡಿಕೆ ಇಡುತ್ತಾ ಹೋಗುವುದು. ಎಷ್ಟು ತಡೆಯುತ್ತೋ ಅಷ್ಟು ಅಂಕ.

ನನ್ನ ಮಗ ಮತ್ತು ಅವನ ಗೆಳೆಯರು ನಮ್ಮ ಅಂಗಳದಲ್ಲಿ ಮಾಡಿದ್ದಾರೆ. ಪೇಪರನ್ನು ಹಾಗೇ ಅಡ್ಡ ಹಾಸಿದರೆ ನಾಲ್ಕೈದು ಅಡಿಕೆಗೇ ನಡು ಬಗ್ಗಿ ಬೀಳುತ್ತೆ. ಅದೇ ಪೇಪರನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿದರೆ ಗಟ್ಟಿ. ಮೂರು ಕೊಳವೆ ಜೋಡಿಸಿ ನಾರಲ್ಲಿ ಕಟ್ಟಿದರೆ ಇನ್ನೂ ಗಟ್ಟಿ. ಅಡಿಕೆ ಮರದ ದಬ್ಬೆ ಜೋಡಿಸಿ ಕಟ್ಟುವುದನ್ನು ನೋಡಿದ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತೆ. ಒಬ್ಬ ಹುಡುಗ ಮಾತ್ರ ಪೇಪರನ್ನು ಬೀಸಣಿಗೆ ಹಾಗೆ ಮಡಿಸಿದ. ಅದರ ಮಡಿಕೆಗಳ ಸಂದಿಯಲ್ಲಿ ಅಡಿಕೆ ಉರುಳದೆ ಕೂತಿತು. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು.

ಭದ್ರಾವತಿ ಹುಡುಗ

ಗೋಟಡಿಕೆ ಒಂದೊಂದೂ ಒಂದೊಂದು ತೂಕ ಇರುತ್ತೆ ಅಣ್ಣಾ. ಒಂದು ತಂಡಕ್ಕೆ ದಪ್ಪದ್ದು ಸಿಕ್ಕಿ ಇನ್ನೊಂದಕ್ಕೆ ಸಣ್ಣದು ಸಿಕ್ಕಿದರೆ ಅನ್ಯಾಯ. ಒಂದೇ ಬಗೆಯ ನಾಣ್ಯ ಇಡಿ. ಇಲ್ಲಾಂದ್ರೆ ಒಂದೇ ಅಳತೆಯ ನಟ್ಟು ಬೋಲ್ಟು. ನಮ್ಮೂರಲ್ಲಿ ಅದಕ್ಕೆ ಬರ ಇಲ್ಲ, ನಾನು ತಂದುಕೊಡುತ್ತೇನೆ.

ತೋಟದಮನೆ

ಬೋಲ್ಟು ಆಗಬಹುದು. ಆದರೆ ಅಡಿಕೆಯನ್ನು ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಿದರೂ ಆಯಿತಲ್ಲ? ಮಕ್ಕಳೇ ತೂಗಲಿ, ಅದೂ ಪಾಠವೇ.

ಕ್ವಿಜ್ ಪ್ರಿಯ

ಇದೆಲ್ಲ ಆಟ ಆಯಿತು. ವಿಜ್ಞಾನ ಎಲ್ಲಿ? ಬಲ, ಭಾರ, ಘರ್ಷಣೆ ಅಂತ ಒಂದು ಮಾತೂ ಬರಲಿಲ್ಲ. ಮುಂದೆ ಹೈಸ್ಕೂಲಿಗೆ ಹೋದಾಗ ಇವರು ಏನು ಬರೆಯುತ್ತಾರೆ?

ನಿವೃತ್ತ ಮೇಷ್ಟ್ರು

ಹೆಸರು ಆಮೇಲೆ ಬಂದರೆ ಸಾಕು. ಸಂಕ ಯಾಕೆ ಬಗ್ಗಿತು ಅಂತ ಕೈಗೆ ಗೊತ್ತಾದ ಮಗುವಿಗೆ ಎಂಟನೇ ತರಗತಿಯಲ್ಲಿ ಬಲ ಅನ್ನುವ ಪದ ಒಂದೇ ದಿನಕ್ಕೆ ಕೂರುತ್ತದೆ. ಪದ ಮೊದಲು ಕಲಿತವನಿಗೆ ಕೊನೆಯವರೆಗೂ ಅದು ಪದವೇ. ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ವ್ಯಾಖ್ಯೆ ಒಪ್ಪಿಸಿ, ಬಾವಿಯ ರಾಟೆ ಯಾಕೆ ಬೇಕು ಅಂತ ಕೇಳಿದರೆ ತಲೆ ಕೆರೆದುಕೊಂಡ ಮಕ್ಕಳು ಬಹಳ.

ತೀರ್ಪುಗಾರರನ್ನು ಆರಿಸುವಾಗಲೂ ಇದನ್ನು ನೆನಪಿಡಿ. "ತೇಲುವಿಕೆ ಎಂದರೇನು?" ಅಂತ ಕೇಳುವವರು ಬೇಡ. "ಮೊದಲು ಏನು ಮಾಡಿದಿರಿ, ಆಮೇಲೆ ಏನು ಬದಲಾಯಿಸಿದಿರಿ, ಯಾಕೆ?" ಅಂತ ಕೇಳಲಿ. ಅರ್ಧ ಅಂಕ ಅದಕ್ಕೇ ಇರಲಿ.

ಸೊರಬದಮ್ಮ

ನಮ್ಮ ಶಾಲೆಯಲ್ಲಿ ಒಂದರಿಂದ ಐದರವರೆಗೆ ಸೇರಿ ಇರುವುದೇ ಹನ್ನೊಂದು ಮಕ್ಕಳು. ಐದನೇ ತರಗತಿಗೆ ಇಬ್ಬರು. ತಂಡ ಎಲ್ಲಿಂದ ತರಲಿ? ಪೇಟೆ ಶಾಲೆಯವರು ಆರಿಸಿ ಆರಿಸಿ ಕಳಿಸುತ್ತಾರೆ, ನಮ್ಮವರು ಇದ್ದವರೇ ಹೋಗಬೇಕು. ಸೋತು ಬಂದು ಅಳುತ್ತಾ ಕೂರುವುದನ್ನು ನೋಡಲಿಕ್ಕೆ ಆಗುವುದಿಲ್ಲ.

ಕೆರೆಬದಿ ಟೀಚರ್

ಇದೇ ನನ್ನ ತಲೆಬಿಸಿ ಅಕ್ಕ. ನಮ್ಮಲ್ಲೂ ಹಾಗೇ. ಶಾಲೆಗೆ ಒಂದು ತಂಡ ಅನ್ನುವುದನ್ನೇ ಬಿಟ್ಟರೆ ಹೇಗೆ? ಬಂದ ಮಕ್ಕಳ ಹೆಸರು ಚೀಟಿ ಎತ್ತಿ, ಬೇರೆ ಬೇರೆ ಶಾಲೆಯ ನಾಲ್ವರನ್ನು ಒಂದು ತಂಡ ಮಾಡುವುದು. ಮೂರನೇ ತರಗತಿಯವರು ಒಬ್ಬರಾದರೂ ಇರಲೇಬೇಕು, ಹುಡುಗ ಹುಡುಗಿಯರು ಇಬ್ಬರೂ ಇರಬೇಕು.

ಹೊಸನಗರದ ಅಪ್ಪ

ಹಾಗಾದರೆ ಶೀಲ್ಡು ಯಾವ ಶಾಲೆಗೆ? ಶೀಲ್ಡು ಇಲ್ಲದಿದ್ದರೆ ಖಾಸಗಿ ಶಾಲೆಯವರು ಮಕ್ಕಳನ್ನು ಕಳಿಸುವುದೇ ಇಲ್ಲ.

ಸೊರಬದಮ್ಮ

ಕಳಿಸದಿದ್ದರೆ ಬಿಡಲಿ. ಟೀಚರ್ ಹೇಳಿದ್ದು ನನಗೆ ಒಪ್ಪಿಗೆ. ಗುರುತಿಲ್ಲದ ಮಕ್ಕಳ ಜೊತೆ ಕೆಲಸ ಮಾಡುವುದೂ ಕಲಿಯಬೇಕಾದದ್ದೇ. ನಮ್ಮ ಮಕ್ಕಳಿಗೆ ನಾಚಿಕೆ ಜಾಸ್ತಿ, ಅದಕ್ಕೆ ಮೊದಲ ಅರ್ಧ ಗಂಟೆ ಅಂಕ ಇಲ್ಲದ ಒಂದು ಆಟ ಇಡಿ.

ಅಡುಗೆಮನೆ ಲ್ಯಾಬು (ಶಿವಮೊಗ್ಗ)

ಗುಟ್ಟಿನ ಪುಡಿಗಳ ಆಟ ಸೇರಿಸಿ. ಪೇಪರ್ ಬಟ್ಟಲಲ್ಲಿ ಬಿಳೀ ಪುಡಿಗಳು: ಉಪ್ಪು, ಪುಡಿ ಸಕ್ಕರೆ, ಅಕ್ಕಿ ಹಿಟ್ಟು, ಅಡುಗೆ ಸೋಡಾ, ಚಾಕ್ ಪುಡಿ. ಬಟ್ಟಲ ಮೇಲೆ ಬರೀ ನಂಬರು. ಪಕ್ಕದಲ್ಲಿ ನೀರು, ಲಿಂಬೆರಸ, ಅರಿಶಿನದ ನೀರು, ಗಾಯಕ್ಕೆ ಹಚ್ಚುವ ಅಯೋಡಿನ್. ಯಾವುದು ಯಾವ ಪುಡಿ ಅಂತ ಹೇಳಬೇಕು. ರುಚಿ ನೋಡುವ ಹಾಗಿಲ್ಲ.

ಅಕ್ಕಿ ಹಿಟ್ಟಿಗೆ ಅಯೋಡಿನ್ ಒಂದು ಹನಿ ಬಿದ್ದರೆ ಕಡು ನೀಲಿ, ಹೆಚ್ಚು ಕಡಿಮೆ ಕಪ್ಪೇ. ಸೋಡಾಕ್ಕೂ ಚಾಕ್ ಪುಡಿಗೂ ಲಿಂಬೆರಸ ಹಾಕಿದರೆ ನೊರೆ. ಎರಡನ್ನೂ ಬೇರೆ ಮಾಡಲು ನೀರು: ಸೋಡಾ ಕರಗುತ್ತೆ, ಚಾಕ್ ಕರಗುವುದಿಲ್ಲ.

ಭದ್ರಾವತಿ ಹುಡುಗ

ಒಂದು ತಿದ್ದುಪಡಿ ಮೇಡಂ. ಈಗ ಶಾಲೆಗೆ ಬರುವ ಚಾಕ್‌ಪೀಸು ಹೆಚ್ಚಾಗಿ ಜಿಪ್ಸಂನದ್ದು. ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದಕ್ಕೆ ಲಿಂಬೆರಸ ಹಾಕಿದರೆ ನೊರೆ ಬರಲ್ಲ. ಮೊದಲೇ ಮಾಡಿ ನೋಡಿ, ಇಲ್ಲಾಂದ್ರೆ ಸ್ಪರ್ಧೆಯ ದಿನ ಗಲಾಟೆ ಆಗುತ್ತೆ. ನೊರೆ ಬೇಕಾದರೆ ಮೊಟ್ಟೆ ಚಿಪ್ಪು ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿ. ಅದು ಕ್ಯಾಲ್ಸಿಯಂ ಕಾರ್ಬೋನೇಟ್.

ಅಡುಗೆಮನೆ ಲ್ಯಾಬು (ಶಿವಮೊಗ್ಗ)

ಈಗಲೇ ಅಡುಗೆಮನೆಯಲ್ಲಿ ಮಾಡಿ ನೋಡಿದೆ. ಮಗನ ಡಬ್ಬಿಯ ಚಾಕ್ ಮಿಸುಕಲೇ ಇಲ್ಲ, ಮೊಟ್ಟೆ ಚಿಪ್ಪು ಜುಂಯ್ ಅಂತ ನೊರೆ ಬಂತು. ಥ್ಯಾಂಕ್ಸ್ ತಮ್ಮಾ. ಎರಡನ್ನೂ ಇಡೋಣ, ಆಟ ಇನ್ನೂ ಚೆನ್ನಾಗುತ್ತೆ.

ತೋಟದಮನೆ

ಸುಣ್ಣನೂ ಇಡಬಹುದಲ್ವಾ? ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ಓಕುಳಿ ಹಾಗೆ ಕೆಂಪಾಗುತ್ತೆ. ಎಲ್ಲ ಮಕ್ಕಳೂ ಮನೆಯಲ್ಲಿ ನೋಡಿರುತ್ತಾರೆ.

ಅಡುಗೆಮನೆ ಲ್ಯಾಬು (ಶಿವಮೊಗ್ಗ)

ಸುಣ್ಣ ಬೇಡಣ್ಣಾ. ಪುಡಿ ಕಣ್ಣಿಗೆ ಹಾರಿದರೆ ಕಣ್ಣು ಸುಟ್ಟು ಹೋಗುತ್ತೆ. ತಿಳಿ ಸುಣ್ಣದ ನೀರನ್ನು ಟೀಚರೇ ಡ್ರಾಪರಲ್ಲಿ ಒಂದು ಹನಿ ಹಾಕಿ ತೋರಿಸಲಿ, ಮಕ್ಕಳ ಕೈಗೆ ಬೇಡ. ಅಡುಗೆ ಸೋಡಾದಲ್ಲೂ ಅರಿಶಿನ ಕೆಂಪಿನ ಕಡೆ ತಿರುಗುತ್ತೆ, ಸುಣ್ಣದಷ್ಟು ಗಾಢ ಬರುವುದಿಲ್ಲ ಅಷ್ಟೇ.

ತೋಟದಮನೆ

ಸರಿ. ಹಾಗಾದರೆ ಚೊಗರು ತರುತ್ತೇನೆ. ಅಡಿಕೆ ಬೇಯಿಸಿದ ಹಂಡೆಯ ನೀರು. ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ನಿಧಾನಕ್ಕೆ ಕಪ್ಪಾಗುತ್ತೆ, ಶಾಯಿ ಹಾಗೆ. ನಮ್ಮ ಮನೆಯಲ್ಲಿ ಕಬ್ಬಿಣದ ಕತ್ತಿಯಲ್ಲಿ ಹಸಿ ಅಡಿಕೆ ಸುಲಿದವರ ಕೈ ನೋಡಬೇಕು, ವಾರಗಟ್ಟಲೆ ಕಪ್ಪು ಹೋಗುವುದಿಲ್ಲ.

ನಿವೃತ್ತ ಮೇಷ್ಟ್ರು

ಅಡಿಕೆಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಶಾಯಿ ಮಾಡುತ್ತಿದ್ದುದೂ ಇದೇ ತತ್ವದ ಮೇಲೆ. ಅಳಲೆಕಾಯಿಗೆ ಕಬ್ಬಿಣದ ಉಪ್ಪು ಸೇರಿಸಿ. ಖಂಡಿತ ತನ್ನಿ. "ಮೊಳೆಯಿಂದ ಕಪ್ಪಾಯಿತೋ, ತುಕ್ಕಿನಿಂದಲೋ, ಸುಮ್ಮನೆ ಇಟ್ಟಿದ್ದಕ್ಕೋ?" ಅಂತ ಕೇಳಿ ಮೂರು ಲೋಟ ಕೊಡಿ. ಮಕ್ಕಳೇ ಮೂರನ್ನೂ ಬೇರೆ ಬೇರೆ ಮಾಡಿ ನೋಡಲಿ.

ನಿಮ್ಮ ತೋಟದಲ್ಲಿ ಇನ್ನೊಂದೂ ಇದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಹೊಡೆಯುವ ಬೋರ್ಡೋ ಮದ್ದಿಗೆ ಚಾಕು ಅದ್ದಿ ನೋಡುತ್ತೀರಲ್ಲ, ಅದು ಅಚ್ಚುಕಟ್ಟಾದ ಪ್ರಯೋಗ. ಚಾಕುವಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ನಡೆಸಿದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ಮದ್ದನ್ನು ಅಡಿಕೆಗೆ ಬಳಕೆಗೆ ತಂದವರು.

ತೋಟದಮನೆ

ಮೈಲುತುತ್ತ ಮಕ್ಕಳ ಹತ್ತಿರಕ್ಕೂ ತರುವುದಿಲ್ಲ ಮೇಷ್ಟ್ರೇ, ಅದು ವಿಷ. ನಮ್ಮ ಲೆಕ್ಕ 100 ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ. ಈ ವರ್ಷ ಮಳೆ ಬಿಡದೆ ಎರಡನೇ ಸಲ ಹೊಡೆಯಲಿಕ್ಕೇ ಆಗಲಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರೂ ಸಿಗುವುದಿಲ್ಲ. ನಿಮ್ಮ ಕಡೆ ಹೇಗಿದೆ?

ಹೊಸನಗರದ ಅಪ್ಪ

ನಮ್ಮ ಕಡೆಯೂ ಅದೇ ಕಥೆ. ಕೊಳೆ ಜೊತೆಗೆ ಎಲೆಚುಕ್ಕಿ ರೋಗ ಬೇರೆ. ಅರ್ಧ ತೋಟ ಹಳದಿ.

ಕೆರೆಬದಿ ಟೀಚರ್

ಅಣ್ಣಂದಿರೇ, ಅಡಿಕೆ ಮಾತಿಗೆ ಬೇರೆ ಚರ್ಚೆ ಶುರು ಮಾಡಿ. ದಯವಿಟ್ಟು. :)

ಮಳೆಲೆಕ್ಕ (ಆಗುಂಬೆ ಹತ್ತಿರ)

ಮಳೆ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಒಂದು ದಿನದ ಸ್ಪರ್ಧೆ ಸಾಲದು. ಅದಕ್ಕೆ ಮೊದಲು ಒಂದು ತಿಂಗಳ ಕೆಲಸ ಕೊಡಿ: ಪ್ರತಿ ಶಾಲೆಯಲ್ಲೂ ಮಳೆ ಅಳೆಯಲಿ. ನೆಟ್ಟಗಿನ ಗೋಡೆಯ ಪ್ಲಾಸ್ಟಿಕ್ ಬಾಟಲಿ, ಮೇಲಿನ ಭಾಗ ಕತ್ತರಿಸಿ ಬೋರಲು ಹಾಕಿದರೆ ಅದೇ ಆಲಿಕೆ. ತಳ ಉಬ್ಬು ತಗ್ಗು ಇರುವುದರಿಂದ ಜಲ್ಲಿ ಮತ್ತು ಸ್ವಲ್ಪ ನೀರು ಹಾಕಿ ಅಲ್ಲಿಂದ ಸೊನ್ನೆ ಗೆರೆ. ದಿನಾ ಒಂದೇ ಹೊತ್ತಿಗೆ ಓದಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಓದುತ್ತಾರೆ, ಶಾಲೆಯವರು ಬಂದ ತಕ್ಷಣ ಓದಲಿ.

ಮಕ್ಕಳಿಗೆ ಬಹಳ ಮಜಾ ಕೊಡುವ ಪ್ರಶ್ನೆ ಒಂದಿದೆ. ಬಾಯಿ ದೊಡ್ಡದಿರುವ ಬಾಟಲಿಯಲ್ಲಿ ಜಾಸ್ತಿ ಮಿಲಿಮೀಟರ್ ತೋರಿಸುತ್ತದಾ? ಎಲ್ಲರೂ ಹೌದು ಅನ್ನುತ್ತಾರೆ. ಬಕೆಟ್ ಒಂದು, ಡಬ್ಬಿ ಒಂದು ಪಕ್ಕ ಪಕ್ಕ ಇಟ್ಟು ನೋಡಿದಾಗ, ಗೋಡೆ ನೆಟ್ಟಗಿದ್ದರೆ ಎರಡರಲ್ಲೂ ಒಂದೇ ಎತ್ತರ. ಅಂಗಳದ ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು ಅಂತ ಹೇಳಿದರೆ ಶಾಲೆ ಮಾಡಿಗೆ ಎಷ್ಟು ಬಿತ್ತು ಅಂತ ಅವರೇ ಗುಣಿಸುತ್ತಾರೆ.

ಕ್ವಿಜ್ ಪ್ರಿಯ

ಭಾರತದಲ್ಲೇ ಅತಿ ಹೆಚ್ಚು ಮಳೆ ಆಗುಂಬೆಯಲ್ಲಿ ಅನ್ನುವುದನ್ನೂ ಹೇಳಿಕೊಡಿ.

ಮಳೆಲೆಕ್ಕ (ಆಗುಂಬೆ ಹತ್ತಿರ)

ಅಲ್ಲ ಸಾರ್. ಅದು ಮೇಘಾಲಯದ ಮಾಸಿನ್ರಾಮ್, ವರ್ಷಕ್ಕೆ ಸರಾಸರಿ 11,000 ಮಿ.ಮೀ. ದಾಟುತ್ತದೆ. ಆಗುಂಬೆಯದ್ದು 7,000ದ ಆಸುಪಾಸು. ನಮ್ಮ ಹೊಸನಗರದ ಹುಲಿಕಲ್‌ನಲ್ಲೂ ಅದಕ್ಕೆ ಸರಿಸಾಟಿ ಮಳೆ. ಹೆಮ್ಮೆ ಪಡಲಿಕ್ಕೆ ಇಷ್ಟು ಸಾಲದೇ?

ಸಾಗರದವಳು

ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ದಿನ ಯಾರು ಓದುತ್ತಾರೆ? ಜಾಸ್ತಿ ಮಳೆ ಬಿದ್ದ ದಿನವೇ ರಜೆ.

ಮಳೆಲೆಕ್ಕ (ಆಗುಂಬೆ ಹತ್ತಿರ)

ಶಾಲೆ ಪಕ್ಕದ ಮನೆಯ ಮಗು. ಪ್ರತಿ ಊರಲ್ಲೂ ಅಂಥ ಒಂದು ಮಗು ಇದ್ದೇ ಇರುತ್ತೆ. ತಂಡದ ಕೆಲಸ ಅಂದರೆ ಅದೇ ಅಲ್ವಾ, ಒಬ್ಬ ಓದಿದ್ದನ್ನು ಉಳಿದವರು ನಂಬಬೇಕು, ನಂಬುವ ಹಾಗೆ ಅವನು ಬರೆದಿಡಬೇಕು. ಸಿಂಕ್ ತುಂಬಿ ಚೆಲ್ಲಿದ್ದರೆ "ಚೆಲ್ಲಿದೆ" ಅಂತಲೇ ಬರೆಯಬೇಕು, ಅಂದಾಜಿಗೆ ಒಂದು ಸಂಖ್ಯೆ ಹಾಕಬಾರದು. ಇದಕ್ಕೆ ಅಂಕ ಕೊಡಿ.

ಹೊಸನಗರದ ಅಪ್ಪ

ಸಿಂಕ್ ಅಂದ್ರೆ?

ಮಳೆಲೆಕ್ಕ (ಆಗುಂಬೆ ಹತ್ತಿರ)

ಬಾಟಲಿ ಅಂತ ಓದಿಕೊಳ್ಳಿ, ಮೊಬೈಲ್ ಕೀಲಿಮಣೆ.

ಸೊರಬದಮ್ಮ

ತಾರೀಕು ಯಾವಾಗ? ಎಲ್ಲರೂ ಫೆಬ್ರವರಿ 28, ವಿಜ್ಞಾನ ದಿನ ಅನ್ನುತ್ತಾರೆ. ರಾಮನ್ ಅವರ 1928ರ ಸಂಶೋಧನೆಯ ನೆನಪಿಗೆ ಅದು ಒಳ್ಳೆಯ ದಿನವೇ. ಆದರೆ ನಮ್ಮ ಕಡೆ ಆಗ ಮಂಗನ ಕಾಯಿಲೆ ಸಮಯ. 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದನ್ನು ಹರಡುವುದು ಕಾಡಿನ ಉಣ್ಣೆ, ಅಂದರೆ ಉಣುಗು. ಚಳಿಗಾಲದಿಂದ ಬೇಸಿಗೆವರೆಗೆ ಅದರ ಕಾಟ. ಕಾಡಿನ ಅಂಚಿಗೆ ಎಲೆ ಹೆಕ್ಕಲು, ಹಕ್ಕಿ ನೋಡಲು ಅಂತ ಮಕ್ಕಳನ್ನು ಕರೆದುಕೊಂಡು ಹೋಗುವ ಯಾವ ಆಟವನ್ನೂ ಆಗ ಇಡಬೇಡಿ.

ತೋಟದಮನೆ

ನವೆಂಬರ್, ಡಿಸೆಂಬರಲ್ಲಿ ಇಟ್ಟರೆ ಕೊಯ್ಲು. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ. ಮಕ್ಕಳನ್ನು ಕರೆತರುವವರು ಯಾರು?

ಸಾಗರದವಳು

ಕರೆತರದೇ ಇದ್ದರೆ ಒಳ್ಳೆಯದು! ದೊಡ್ಡವರ ಕೈ ತಾಗಬಾರದು ಅಂತ ತಾನೇ ಶುರುವಾಗಿದ್ದು. ಟೀಚರ್ ಜೊತೆ ಬರಲಿ.

ಕೆರೆಬದಿ ಟೀಚರ್

ಸಾಗರದಕ್ಕ ಹೇಳಿದ್ದೇ ಸರಿ ಕಾಣುತ್ತೆ. ಸೆಪ್ಟೆಂಬರ್ ಮಳೆ ಲೆಕ್ಕಕ್ಕೆ ಇರಲಿ. ದಸರಾ ರಜೆ ಮುಗಿದ ಮೇಲೆ, ನವೆಂಬರ್‌ನ ಒಂದು ಶನಿವಾರ ಸ್ಪರ್ಧೆ. ಹೊರಗಿನ ಆಟ ಏನಿದ್ದರೂ ಶಾಲೆಯ ಅಂಗಳದಲ್ಲಿ ಮಾತ್ರ. ಆಟ ನಾಲ್ಕೇ: ಬರೆದು ಕಟ್ಟುವುದು, ಸಂಕ, ಗುಟ್ಟಿನ ಪುಡಿ, ಮಳೆ ಪುಸ್ತಕ. ಚೊಗರಿನ ಲೋಟಗಳನ್ನು ಅಂಕ ಇಲ್ಲದ ಮೊದಲ ಆಟವಾಗಿ ಇಡುತ್ತೇವೆ. ಬೆಳಿಗ್ಗೆ ಮೊಳೆ ಹಾಕಿಟ್ಟರೆ ಊಟದ ಹೊತ್ತಿಗೆ ಬಣ್ಣ ಬರುತ್ತಾ ಅಣ್ಣಾ?

ತೋಟದಮನೆ

ಚೊಗರು ತೆಳ್ಳಗಿದ್ದು ಮೊಳೆ ಚೆನ್ನಾಗಿ ತುಕ್ಕು ಹಿಡಿದಿದ್ದರೆ ಬರಬಹುದು. ಮನೆಯಲ್ಲಿ ಒಂದು ಸಲ ಮಾಡಿ, ಎಷ್ಟು ಹೊತ್ತು ಬೇಕು ಅಂತ ನೋಡಿ ಹೇಳುತ್ತೇನೆ. ಎರಡು ಬಾಟಲಿ ಸಾಕಾ?

ಕ್ವಿಜ್ ಪ್ರಿಯ

ಕ್ವಿಜ್ ಇಲ್ಲವೇ ಇಲ್ಲ ಅಂದ ಹಾಗಾಯಿತು. ಇರಲಿ. ತೀರ್ಪುಗಾರರು ಬೇಕಾದರೆ ನಾನು ಬರುತ್ತೇನೆ. ಮೇಷ್ಟ್ರು ಹೇಳಿದ ಮೂರು ಪ್ರಶ್ನೆ ಬಿಟ್ಟು ಬೇರೆ ಕೇಳುವುದಿಲ್ಲ.

ನಿವೃತ್ತ ಮೇಷ್ಟ್ರು

ಬನ್ನಿ. ಸಂಕದ ಮೇಜಿಗೆ ನೀವು, ಪುಡಿಗಳಿಗೆ ನಾನು.

ಸೊರಬದಮ್ಮ

ಊಟ?

ಕೆರೆಬದಿ ಟೀಚರ್

ನಮ್ಮ ಶಾಲೆಯ ಅಡುಗೆಯವರು ಒಪ್ಪಿದ್ದಾರೆ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ ಸಾರು. ಮಕ್ಕಳ ಸಂಖ್ಯೆ ಮುಂದಿನ ಶುಕ್ರವಾರದೊಳಗೆ ಹೇಳಿ, ಅಕ್ಕಿ ಲೆಕ್ಕ ಹಾಕಬೇಕು. ಅಯೋಡಿನ್ ಮತ್ತು ಮೊಟ್ಟೆ ಚಿಪ್ಪು ಶಿವಮೊಗ್ಗದಕ್ಕ ತರುತ್ತಾರೆ, ಬೋಲ್ಟು ಭದ್ರಾವತಿ ತಮ್ಮ. ತಕ್ಕಡಿ ಇನ್ನೊಂದು ಬೇಕು, ಯಾರ ಹತ್ತಿರ ಇದೆ?

ಹೊಸನಗರದ ಅಪ್ಪ

ನಮ್ಮ ಅಂಗಡಿಯದ್ದು ಕೊಡುತ್ತೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹಾಕಿ ಕಳಿಸಿದರೆ ಸಾಕಲ್ಲ?